ನನ್ನ ಸಾವಿಗೆ ಬ್ಯಾಂಡೋ, ನಾದಿನಿಯ ಅಳುವೋ

ಸತ್ತ ಮೇಲೆ ಯಾವ ಸಂಗೀತ ಬೇಕು ಅಂತ ಯಾರಿಗಾದರೂ ಹೇಳಿಟ್ಟಿದ್ದೀರಾ, ಇಲ್ಲ ಸುಮ್ಮನೆ ಮಲಗಿ ಅವರು ಹಾಕಿದ್ದನ್ನೇ ಕೇಳಿಸಿಕೊಳ್ಳುತ್ತೀರಾ?

ನಾನು ಹೇಳಿಟ್ಟೆ. ಜಗಳ ಶುರುವಾಯಿತು.

ತೊರಪಲ್ಲಿಯಲ್ಲಿರುವ ನನ್ನ ನಾದಿನಿಯ ಹಾಗೆ ಸಾವಿನ ಮನೆಯಲ್ಲಿ ಹಾಡಿ ಅಳುವವರು ಸುತ್ತಮುತ್ತ ಯಾರೂ ಇಲ್ಲ. ನಮ್ಮ ಗಡಿ ಕಡೆಯ ತಮಿಳಿನವರು ಇದನ್ನು ಒಪ್ಪಾರಿ ಎನ್ನುತ್ತಾರೆ. ಒಂದು ಸಾಲು ಹಾಡುತ್ತಾಳೆ, ಅದನ್ನೇ ಇನ್ನೊಮ್ಮೆ ಎಳೆಯುತ್ತಾಳೆ, ಮೂರನೆಯದರಲ್ಲಿ ಸತ್ತವರ ಮಾನ ತೆಗೆಯುತ್ತಾಳೆ. ನನಗೆ ಅವಳೂ ಬೇಕು, ಬೇರಿಕೆ ಊರಿನ ಬ್ಯಾಂಡ್‌ಸೆಟ್ಟೂ ಬೇಕು ಎಂದೆ.

"ಬ್ಯಾಂಡ್ ಬಂದ್ರೆ ನಾನು ಬಾಯೇ ಬಿಡಾಕಿಲ್ಲ ಅತ್ಗೆ. ಆ ಗದ್ಲದಾಗೆ ನನ್ ಅಳು ಯಾರ್ಗ್ ಕೇಳ್ತದೆ? ಯಾವ್ದಾನ ಒಂದ್ ಇಟ್ಕೋ" ಎಂದಳು.

ಬ್ಯಾಂಡಿಲ್ಲದಿದ್ದರೆ ನಾನು ಹೊರಟದ್ದು ಪಕ್ಕದ ಬೀದಿಗೂ ಗೊತ್ತಾಗುವುದಿಲ್ಲ. ಆದರೆ ಅವಳ ಅಳುವಿಲ್ಲದೆ ಹೋಗುವುದೆಂದರೆ ಸಾರಿಲ್ಲದೆ ಮುದ್ದೆ ನುಂಗಿದ ಹಾಗೆ. ನನಗೆ ನಿದ್ದೆಯೇ ಹೋಯಿತು.

ಮೂಕಂಡಪಲ್ಲಿಯ ಫ್ಯಾಕ್ಟರಿಗೆ ಹೋಗುವ ಮೊಮ್ಮಗಳು ನ್ಯಾಯ ಹೇಳಲು ಕೂತಳು. ಫೋನಿನಲ್ಲಿ ಅಮೆರಿಕದ ಹಳೆಯ ಹಾಡೊಂದನ್ನು ಹಾಕಿದಳು. ಒಬ್ಬ ಮನುಷ್ಯ, ಒಂದು ಗಿಟಾರು, ಹೊಟ್ಟೆ ತುಂಬ ಸಂಕಟ.

"ಇದು ಬ್ಲೂಸ್ ಅಜ್ಜಿ. ಹತ್ತಿ ಹೊಲದಾಗೆ ದುಡಿದ ಕಪ್ಪು ಜನದ್ದು. ಒಂದ್ ಸಾಲು ಎರಡು ಸಲ, ಆಮೇಲೆ ಅದಕ್ಕೆ ಜವಾಬು."

"ಅಯ್ಯೋ, ಇದು ನನ್ ನಾದ್ನಿ ಕಣೇ! ಅಮೆರಿಕಕ್ಕೆ ಯಾವಾಗ್ ಹೋಗಿದ್ಲು?"

ಇನ್ನೊಂದು ಹಾಕಿದಳು. ತುತ್ತೂರಿ, ಕ್ಲಾರಿನೆಟ್, ಡ್ರಮ್ಮು. ಒಬ್ಬೊಬ್ಬ ಒಂದೊಂದು ದಾರಿ ಹಿಡಿದರೂ ಎಲ್ಲರೂ ಒಂದೇ ಊರು ತಲುಪುತ್ತಿದ್ದರು.

"ಇದು ಜಾಝ್. ಅದೇ ಜನ ಪಟ್ಟಣದಾಗೆ ಕಟ್ಟಿದ್ದು. ಬ್ಲೂಸಿನ ಎಳೆತ ತಗೊಂಡ್ರು, ಮೆರವಣಿಗೆ ಬ್ಯಾಂಡಿನ ವಾದ್ಯ ತಗೊಂಡ್ರು, ಇನ್ನೂ ಏನೇನೋ ಸೇರಿಸಿದ್ರು. ಬ್ಲೂಸ್ ಅಂದ್ರೆ ಒಬ್ರು ಎದೆ ಬಿಚ್ಚೋದು. ಜಾಝ್ ಅಂದ್ರೆ ಆರು ಜನ ಸೇರ್ಕೊಂಡು, ಆ ಗಳಿಗೇಲಿ ತೋಚಿದ ಹಾಗೆ ಒಂದು ರಾಗಾನ ಎಳೆದಾಡೋದು. ಅವರೂ ಹೆಣದ ಜೊತೆ ಬ್ಯಾಂಡ್ ಹೊಡೀತಾರಂತೆ. ಹೋಗೋವಾಗ ಅಳಸ್ತಾರೆ, ಮಣ್ಣು ಮಾಡಿ ಬರೋವಾಗ ಕುಣಿಸ್ತಾರೆ."

ಹಾಗಾದರೆ ಎರಡೂ ಕೂಡುತ್ತವೆ! ಪರೀಕ್ಷೆ ಮಾಡಿಯೇಬಿಡೋಣ ಎಂದು ಬ್ಯಾಂಡಿನವರನ್ನು ಮನೆ ಮುಂದಕ್ಕೆ ಕರೆಸಿದೆ. ನಾದಿನಿಗೆ ಆಮೇಲೆ ಹೇಳಿಕಳಿಸಿದರಾಯಿತು ಎಂದುಕೊಂಡೆ.

ಒಂದು ಮರೆತಿದ್ದೆ. ನಮ್ಮ ಕಡೆ ಬ್ಯಾಂಡಿನವರು ಸಾವಿಗೆ ಬಾರಿಸುವ ಗತ್ತೇ ಬೇರೆ. ಅದು ಕಿವಿಗೆ ಬಿದ್ದರೆ ಯಾರೂ ಏನು ಎತ್ತ ಎಂದು ಕೇಳುವುದಿಲ್ಲ, ಹಾರ ಹಿಡಿದು ಹೊರಡುತ್ತಾರೆ. ನಾನು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ, ಬೀದಿಗೆ ಬೀದಿಯೇ ಬಂತು. ಸಾವಿಗೆ ತಂದ ಹಾರ ವಾಪಸ್ ಮನೆಗೆ ಒಯ್ಯಬಾರದಲ್ಲ, ಎಲ್ಲರೂ ನನ್ನ ಕೊರಳಿಗೇ ಹಾಕಿದರು. ಎದುರು ಮನೆಯವನಂತೂ ಕಾಲಿಗೆ ಬಿದ್ದು, "ಹೆಂಗಾಯ್ತು ಅಜ್ಜಿ?" ಎಂದು ನನ್ನನ್ನೇ ಕೇಳಿದ.

"ಏನೂ ಗೊತ್ತಾಗ್ಲಿಲ್ಲ ಕಣ್ಲಾ. ಕಾಫಿ ಕುಡೀತಾ ಕುಡೀತಾನೇ ಆಗೋಯ್ತು" ಎಂದೆ.

ಅಷ್ಟರಲ್ಲಿ ಯಾರೋ ಫೋನ್ ಮಾಡಿ ನಾದಿನಿಗೂ ಸುದ್ದಿ ಮುಟ್ಟಿಸಿದ್ದರು. ಆಟೋ ಇಳಿಯುತ್ತಲೇ ಮುಖಕ್ಕೆ ಸೆರಗು ಮುಚ್ಚಿಕೊಂಡು ಶುರು ಮಾಡಿದಳು. ನನ್ನನ್ನು ನೋಡಲೇ ಇಲ್ಲ.

"ಬೆಲ್ಲದ್ ಡಬ್ಬ ಬಚ್ಚಿಟ್ಟೋಳೇ, ಎಲ್ಲಿಗ್ ಹೋದ್ಯೇ ಅತ್ಗೇ...
ಬೆಲ್ಲದ್ ಡಬ್ಬ ಬಚ್ಚಿಟ್ಟೋಳೇ, ಎಲ್ಲಿಗ್ ಹೋದ್ಯೇ ಅತ್ಗೇ...
ಎಲ್ಲಿಟ್ಟೆ ಅಂತ ಹೇಳ್ದೇನೆ ಬಾಯ್ ಮುಚ್ಕೊಂಡ್ಯಲ್ಲೇ!"

ಸಾಲು ಮುಗಿದ ಕಡೆ ಕ್ಲಾರಿನೆಟ್ಟಿನವನು ಅವಳಂತೆಯೇ ಎಳೆದ. ತುತ್ತೂರಿ ಜವಾಬು ಕೊಟ್ಟಿತು. ಅವಳೂ ಬಿಡಲಿಲ್ಲ, ಇನ್ನಷ್ಟು ಎಳೆದಳು. ಡ್ರಮ್ಮು ಅವಳ ಉಸಿರಿಗೆ ಕಾದು ಕಾದು ಬಿತ್ತು. ಅವಳ ದನಿ ಮುಳುಗಲಿಲ್ಲ, ಬ್ಯಾಂಡಿನ ಹೆಗಲೇರಿ ಕೂತಿತು. ಹಾರ ತಂದವರು ಕುಣಿಯತೊಡಗಿದರು. ತಡೆಯಲಾಗದೆ ನಾನೂ ಹಾರಗಳ ಸಮೇತ ಎದ್ದು ಕುಣಿದೆ.

ಆಗ ನಾದಿನಿ ಸೆರಗು ಸರಿಸಿದಳು. ಮೇಲಿಂದ ಕೆಳಗಿನವರೆಗೂ ನೋಡಿದಳು.

"ನೋಡ್ದ್ಯಾ? ಎರಡೂ ಕೂಡ್ತವೆ. ನಾನ್ ಹೋದಾಗ ಬ್ಯಾಂಡ್ ಜೊತೆ ಅಳ್ತೀಯಾ ತಾನೇ?" ಎಂದೆ.

"ಅಳೋದ್ನೆಲ್ಲ ಇವತ್ತೇ ಅತ್ಬುಟ್ಟೆ. ಅವತ್ತು ಬರೀ ಕುಣಿಯಾಕ್ ಬತ್ತೀನಿ. ಬೆಲ್ಲದ್ ಡಬ್ಬ ಎಲ್ಲಿಟ್ಟಿದ್ದೀಯ, ಈಗ್ಲೇ ಹೇಳು!"