ಜಾಮೀನಿನ ಮೇಲೆ ನೋಡಿದ ರೋಮ್

ನಮ್ಮ ಮನೆಯಲ್ಲಿ ರೋಮಿನ ಆಲ್ಬಮ್ಮು ಹೊರಬಂದಿತೆಂದರೆ ನಾನು ಚಹಾದ ನೆಪ ಹೇಳಿ ಅಡುಗೆಮನೆಗೆ ಹೋಗುತ್ತೇನೆ. ಬಂದವರನ್ನು ಕೂಡಿಸಿಕೊಂಡು ಹೆಂಡತಿ ಒಂದೊಂದೇ ಫೋಟೊದ ಕಥೆ ಹೇಳುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನದೇ ಗತಿ ನನ್ನದು. ಅವಳಿಗೆ ಇಂದಿಗೂ ನಾನು ಏನನ್ನೂ ಹೇಳಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಅಬುಧಾಬಿಯ ಒಂದು ಕಟ್ಟಡ ಕಂಪನಿಯಲ್ಲಿ ನಾನು ಸಿವಿಲ್ ಎಂಜಿನಿಯರ್. ಹೆಂಡತಿ ಅಲ್ಲಿನ ಭಾರತೀಯ ಶಾಲೆಯಲ್ಲಿ ಇತಿಹಾಸದ ಟೀಚರು. ವರ್ಷಗಟ್ಟಲೆ ರೋಮಿನ ಪಾಠ ಮಾಡಿಯೂ ರೋಮ್ ಕಾಣದವಳು. “ನೋಡದ ಊರಿನ ಬಗ್ಗೆ ಎಷ್ಟಂತ ಸುಳ್ಳ ಹೇಳೂದ್ರೀ ಹುಡುಗರಿಗೆ?” ಎಂದು ಪ್ರತಿ ಬೇಸಿಗೆಗೊಮ್ಮೆ ನನ್ನನ್ನು ಚುಚ್ಚುತ್ತಿದ್ದಳು. ನನಗೇನು ಆಸೆ ಇರಲಿಲ್ಲವೇ? ಅಲ್ಲಿ ಪ್ಯಾಂಥಿಯನ್ ಎಂಬ ಹಳೆಯ ಗುಡಿ ಇದೆ. ಅದರ ಗುಮ್ಮಟ ಕಾಂಕ್ರೀಟಿನದು, ಒಳಗೆ ಒಂದೇ ಒಂದು ಕಬ್ಬಿಣದ ಸರಳಿಲ್ಲ. ಆದರೂ ಹದಿನೆಂಟು–ಹತ್ತೊಂಬತ್ತು ನೂರು ವರ್ಷದಿಂದ ನೆಟ್ಟಗೆ ನಿಂತಿದೆ. ನಾವೋ, ಬೇಸಿಗೆಯಲ್ಲಿ ನೀರಿಗೆ ಐಸು ಸುರಿದು ಕಾಂಕ್ರೀಟು ಕಲಸಿ, ಟನ್ನುಗಟ್ಟಲೆ ಸರಳು ತುರುಕಿ, ಆಮೇಲೂ ಎಲ್ಲಿ ಬಿರುಕು ಬಿಡುತ್ತದೋ ಎಂದು ಎದೆ ಬಡಿದುಕೊಳ್ಳುತ್ತಿದ್ದವರು. ಸಾಯುವುದರೊಳಗೆ ಆ ಗುಮ್ಮಟದ ಕೆಳಗೊಮ್ಮೆ ನಿಲ್ಲಬೇಕೆಂದು ನನಗೂ ಹುಚ್ಚು ಹಿಡಿದಿತ್ತು.

ಆದರೆ ನಮ್ಮ ಪಾಸ್‌ಪೋರ್ಟು ನಮ್ಮ ಕೈಯಲ್ಲಿರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅದು ಕಂಪನಿಯ ಕಬ್ಬಿಣದ ಕಪಾಟು ಸೇರುತ್ತಿತ್ತು. ತಾ ಕಳ್ಳ ಪರರ ನಂಬ! ವಾರ್ಷಿಕ ರಜೆಗೆ ಊರಿಗೆ ಹೊರಟರೆ ತೆಗೆದುಕೊಡುತ್ತಿದ್ದರು. ನಡುವೆ ಬೇರೆ ದೇಶಕ್ಕೆ ಹೋಗುತ್ತೇನೆಂದರೆ ಜೊತೆಗೆ ಕೆಲಸ ಮಾಡುವವನೊಬ್ಬ ಜಾಮೀನು ನಿಲ್ಲಬೇಕಿತ್ತು. ಇವನು ಓಡಿಹೋಗುವವನಲ್ಲ, ಇವನು ತಿರುಗಿ ಬರುವತನಕ ನನ್ನ ಪಾಸ್‌ಪೋರ್ಟು ನಿಮ್ಮಲ್ಲೇ ಇರಲಿ, ನಾನು ದೇಶ ಬಿಡುವುದಿಲ್ಲ ಎಂದು ಅವನು ಸಹಿ ಹಾಕಬೇಕು. ಒಬ್ಬರಿಗೊಬ್ಬರು ಹಾಕುತ್ತಲೇ ಇದ್ದೆವು. ಮದುವೆಯಲ್ಲಿ ಕೊಟ್ಟು ತಿರುಗಿ ಪಡೆಯುವ ಆಯೇರಿಯ ಹಾಗೆ, ಇಂದು ನೀನು ನನಗೆ, ನಾಳೆ ನಾನು ನಿನಗೆ.

ನನಗೆ ಜಾಮೀನು ನಿಂತವನು ನಮ್ಮ ಸೈಟಿನ ಸ್ಟೋರ್‌ಕೀಪರ್, ಮಂಗಳೂರು ಕಡೆಯ ಕ್ರಿಶ್ಚಿಯನ್ ತರುಣ. ಅವನ ಹೆಂಡತಿ ಊರಿನಲ್ಲಿ ಏಳು ತಿಂಗಳ ಬಸುರಿ, ಚೊಚ್ಚಲು. ಹೆರಿಗೆಯ ಲೆಕ್ಕ ಹಿಡಿದೇ ಅವನು ತನ್ನ ರಜೆ ಬರೆಸಿಟ್ಟಿದ್ದ. ಅದಕ್ಕೇ ಕೇಳಲು ನನಗೆ ಅಳುಕಿತ್ತು.

“ನೋಡಪಾ, ಮನಿಯಾಗ ಬಸುರಿ ಅದಾಳ. ಬ್ಯಾರೆ ಯಾರನ್ನರ ಕೇಳ್ತೀನಿ ಬಿಡು,” ಎಂದೆ.

“ಎಂತ ಸರ್ ನೀವು! ಒಂದು ಸೈನಿಗೆ ಇಷ್ಟು ಯೋಚನೆ ಮಾಡುದಾ? ನನ್ನ ರಜೆಗೆ ಇನ್ನು ಎರಡು ತಿಂಗಳುಂಟು. ನೀವು ಹೋಗುದು ಒಂದು ವಾರ. ಆರಾಮಲ್ಲಿ ಹೋಗಿ ಬನ್ನಿ ಮಾರಾಯ್ರೆ,” ಎಂದು ನಕ್ಕು, ನನ್ನ ಜೇಬಿನ ಪೆನ್ನನ್ನೇ ಕಿತ್ತುಕೊಂಡು ಸಹಿ ಹಾಕಿದ. ಅದೇ ಕಾಗದದಲ್ಲಿ ನಾವು ಇಳಿದುಕೊಳ್ಳುವ ಹೋಟೆಲಿನ ಫೋನ್ ನಂಬರೂ ಇತ್ತು.

ರೋಮಿನಲ್ಲಿ ಮೊದಲ ದಿನಗಳು ನಡೆದು ನಡೆದು ಕಾಲು ಬೀಗಿದರೂ ಹಬ್ಬದ ಹಾಗೆ ಕಳೆದವು. ಬಸ್ಸಿಳಿದರೆ ಕಾರಂಜಿ, ತಿರುವು ತಿರುಗಿದರೆ ಎರಡು ಸಾವಿರ ವರ್ಷದ ಕಂಬ. ಅಬುಧಾಬಿಯಲ್ಲಿ ಇಪ್ಪತ್ತು ವರ್ಷದ ಕಟ್ಟಡವನ್ನು ಹಳತಾಯಿತೆಂದು ಕೆಡವುವ ನಮಗೆ ಇದೆಲ್ಲ ನಂಬುವುದೇ ಕಷ್ಟ. ಹೆಂಡತಿಯಂತೂ ಗೈಡನ್ನೇ ತಿದ್ದಲು ಹೊರಟಿದ್ದಳು.

ಇನ್ನೆರಡು ದಿನ ಉಳಿದಿತ್ತು. ಸಂಜೆ ಹೋಟೆಲಿಗೆ ಬಂದಾಗ ರಿಸೆಪ್ಶನ್ನಿನವನು ಕೈಮಾಡಿ ಕರೆದು ಫೋನು ಕೊಟ್ಟ. ಆ ಕಡೆ ನಮ್ಮ ಕಂಪನಿಯ ಮಂದೂಬ್. ವೀಸಾ, ಪಾಸ್‌ಪೋರ್ಟು, ಕಪಾಟು ನೋಡಿಕೊಳ್ಳುವವನು. ಹಿಂದಿಯಲ್ಲಿ ಗಡಿಬಿಡಿಯಿಂದ ಹೇಳಿದ. ಸ್ಟೋರ್‌ಕೀಪರನ ಹೆಂಡತಿಗೆ ಏಳು ತಿಂಗಳಿಗೇ ಹೆರಿಗೆಯಾಗಿದೆ, ಹೆಣ್ಣು ಮಗು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಉಳಿಯುವುದು ಕಷ್ಟವಂತೆ. ಅವನು ಬೆಳಗಿನಿಂದ ಇಲ್ಲಿ ನನ್ನ ಟೇಬಲಿನ ಮುಂದೆ ನಿಂತು ಅಳುತ್ತಿದ್ದಾನೆ. ನಿಮ್ಮ ಪಾಸ್‌ಪೋರ್ಟು ಒಳಗೆ ಬರದೆ ಅವನದು ಹೊರಗೆ ಹೋಗುವುದಿಲ್ಲ, ಬೇರೆ ಅಪ್ಪಣೆ ಕೊಡಲು ಮುದೀರ್ ಮಾಫಿ, ಮ್ಯಾನೇಜರು ಊರಲ್ಲೇ ಇಲ್ಲ. ಸಾಬ್, ನಾಳೆಯ ವಿಮಾನಕ್ಕೆ ಬರಲಾಗುತ್ತದೆಯೇ?

ಒಂದೊಂದು ಮಾತೂ ಕೇಳಿಸಿತ್ತು. ಲೈನಿನಲ್ಲಿ ತುಸು ಗರಗರ ಇತ್ತು, ಅಷ್ಟೆ. ಎದುರಿಗೆ ಸೋಫಾದ ಮೇಲೆ ಹೆಂಡತಿ ನಕಾಶೆ ಹರಡಿಕೊಂಡು ಪ್ಯಾಂಥಿಯನ್ನಿಗೆ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದಳು. ನಾಳೆ ಅದು, ನಾಡಿದ್ದು ಕೊಲೋಸಿಯಂ. ಏನೂ ಕೇಳಿಸದವನ ಹಾಗೆ ನನ್ನ ಬಾಯಿಂದ ಬಂದದ್ದು ಇದು: “ಹಲೋ? ಹಲೋ? ಆವಾಜ್ ನಹೀ ಆ ರಹಾ.” ಅವನು ಇನ್ನೂ ಜೋರಾಗಿ ಕೂಗಿದ. ನಾನು ಇನ್ನೊಂದು ಸಲ ಹಲೋ ಎಂದು ಫೋನು ಇಟ್ಟುಬಿಟ್ಟೆ.

“ಯಾರದ್ರೀ ಫೋನು?”

“ಸೈಟಿಂದು. ಏನೋ ಕಾಂಕ್ರೀಟಿನ ಸುದ್ದಿ.”

“ಇಲ್ಲಿಗೂ ಬಂತೇನ್ರಿ ನಿಮ್ಮ ಕಾಂಕ್ರೀಟು! ಬರ್ರಿ, ನನಗ ಹಸಿವ್ಯಾಗೇದ.”

ಅವಳ ಸಲುವಾಗಿ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೇಳಿದ್ದರೆ ಅವಳು ಆ ಕ್ಷಣವೇ ಎದ್ದು ಪೆಟ್ಟಿಗೆ ಕಟ್ಟುತ್ತಿದ್ದಳು. ಅದು ಗೊತ್ತಿದ್ದೇ ನಾನು ಹೇಳಲಿಲ್ಲ.

ಮರುದಿನ ಮುಂಜಾನೆ ಗೈಡು ಸಂತ ಪೇತ್ರರ ಇಗರ್ಜಿಗೆ ಕರೆದೊಯ್ದ. ಮನೆದೇವರಿಗೇ ಸರಿಯಾಗಿ ಕೈಮುಗಿಯದ ಗಂಡಸು ನಾನು, ಅಲ್ಲೊಂದು ಕಂಬದ ಮಗ್ಗುಲಿಗೆ ನಿಂತು ಕಣ್ಣು ಮುಚ್ಚಿ, ಆ ಕೂಸನ್ನು ಉಳಿಸಪ್ಪಾ ಎಂದು ಬೇಡಿಕೊಂಡೆ. ಏನು ಧೈರ್ಯ ನೋಡಿ! ಕೈಯಲ್ಲಿದ್ದದ್ದನ್ನು ಮಾಡದೆ ದೇವರಿಗೆ ಕೆಲಸ ಹಚ್ಚಿದೆ. ಇನ್ನೂ ನಾಚಿಕೆಯ ಮಾತೆಂದರೆ, ಹೊರಗೆ ಬಂದಾಗ ಮನಸ್ಸು ಹಗುರಾಗಿತ್ತು. ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮು ತಿಂದೆವು.

ಮಧ್ಯಾಹ್ನ ಪ್ಯಾಂಥಿಯನ್. ಗುಮ್ಮಟದ ನೆತ್ತಿಯಲ್ಲಿ ಒಂದು ದೊಡ್ಡ ತೂತು, ಅಲ್ಲಿಂದ ಬಿಸಿಲು ನೇರ ಒಳಗೆ ಬೀಳುತ್ತದೆ. ಭಾರ ಕಡಿಮೆ ಮಾಡಲು ಒಳಮೈಗೆಲ್ಲ ಚೌಕ ಚೌಕ ಗುಳಿ ತೆಗೆದಿದ್ದಾರೆ, ಮೇಲೆ ಹೋದಂತೆ ಹಗುರ ಕಲ್ಲು ಬೆರೆಸಿದ್ದಾರೆ. ಇದನ್ನೆಲ್ಲ ಓದಿ ಓದಿ ಬಾಯಿಪಾಠ ಮಾಡಿದ್ದೆ. ಕೆಳಗೆ ನಿಂತು ಕತ್ತೆತ್ತಿದೆ. ಒಂದು ಪೆಟ್ಟಿಗೆಯಲ್ಲಿ ಮಲಗಿದ ಎಳೆ ಮಗುವಿನ ಹೊರತು ನನಗೆ ಏನೂ ಕಾಣಲಿಲ್ಲ. “ಒಂದ ಮಾತರ ಆಡ್ರಲಾ, ನೀವ ಬಯಸಿ ಬಂದದ್ದು,” ಎಂದಳು ಹೆಂಡತಿ. ಕತ್ತು ನೋಯುತ್ತಿದೆ ಎಂದೆ. ಆಗಲಾದರೂ ವಿಮಾನದ ಆಫೀಸಿಗೆ ಓಡಬಹುದಿತ್ತು. ರಾತ್ರಿಯ ವಿಮಾನಕ್ಕೆ ಇನ್ನೂ ಹೊತ್ತಿತ್ತು. ಓಡಲಿಲ್ಲ. ಮಾರನೆಯ ದಿನ ಕೊಲೋಸಿಯಮ್ಮನ್ನೂ ನೋಡಿದೆವು, ಅದರ ಮುಂದೆ ನಿಂತು ನಾನು ನಕ್ಕ ಫೋಟೊ ಕೂಡ ಇದೆ.

ಅಬುಧಾಬಿಗೆ ಇಳಿದವನೇ ಟ್ಯಾಕ್ಸಿ ಹಿಡಿದು ಆಫೀಸಿಗೆ ಹೋದೆ. ಸ್ಟೋರ್‌ಕೀಪರ್ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಬ್ಯಾಗು, ಮೂರು ದಿನದ ಗಡ್ಡ. ನನ್ನ ಪಾಸ್‌ಪೋರ್ಟು ಮಂದೂಬನ ಟೇಬಲಿನ ಮೇಲೆ ಬಿತ್ತು, ಅವನದು ಕಪಾಟಿನಿಂದ ಬಂತು. “ಬಂದ್ರಲ್ಲ ಸರ್, ಸಾಕು,” ಎಂದವನೇ ಓಡಿದ. ಆಗ ಮಂಗಳೂರಿಗೆ ನೇರ ವಿಮಾನವಿರಲಿಲ್ಲ. ಮುಂಬಯಿ ಮೇಲೆ ಹಾಯ್ದು ಮರುದಿನ ಮಧ್ಯಾಹ್ನ ಮುಟ್ಟಿದ. ಮಗು ಅಂದು ಬೆಳಗಿನ ಜಾವವೇ ಹೋಗಿತ್ತು. ಪಾದ್ರಿ ಬರುವಷ್ಟೂ ಹೊತ್ತಿಲ್ಲದೆ ಆಸ್ಪತ್ರೆಯ ನರ್ಸೇ ಜ್ಞಾನಸ್ನಾನ ಕೊಟ್ಟಿದ್ದಳಂತೆ.

ನಾನು ಒಂದು ದಿನ ಮೊದಲು ಬಂದಿದ್ದರೆ ಅವನಿಗೆ ಮಗಳ ಜೊತೆ ಒಂದು ಮಧ್ಯಾಹ್ನ, ಒಂದು ರಾತ್ರಿ ಸಿಗುತ್ತಿತ್ತು. ಮಗು ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ. ಗಾಜಿನ ಆಚೆಯಿಂದಲಾದರೂ ಅಪ್ಪ ಮುಖ ನೋಡುತ್ತಿದ್ದ. ಅದನ್ನು ನಾನು ಕಸಿದುಕೊಂಡೆ. ಇದಕ್ಕೆ ಪಾಪ ಎನ್ನುವುದರ ಹೊರತು ಬೇರೆ ಶಬ್ದ ನನಗೆ ಗೊತ್ತಿಲ್ಲ.

ಮೂರು ವಾರದ ಮೇಲೆ ಅವನು ಕೆಲಸಕ್ಕೆ ಮರಳಿದ. ಅಂದೇ ನನ್ನ ಕ್ಯಾಬಿನ್ನಿಗೆ ಬಂದು ಎದುರು ಕುರ್ಚಿಯಲ್ಲಿ ಕೂತ. ಸೊರಗಿದ್ದ. ಇಂದು ಹೇಳಿಬಿಡಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಅವನೇ ಶುರು ಮಾಡಿದ.

“ಫೋನಲ್ಲಿ ನಿಮಗೆ ಎಂತ ಸಹ ಕೇಳ್ಲಿಲ್ಲಂತೆ ಅಲ್ವಾ ಸರ್? ಮಂದೂಬ್ ಹೇಳಿದ, ಲೈನ್ ಸರಿ ಇರ್ಲಿಲ್ಲ, ಮತ್ತೆ ಮಾಡಿದ್ರೆ ನೀವು ಸಿಗ್ಲೇ ಇಲ್ಲ ಅಂತ.”

ನಾನು ತಲೆಯಾಡಿಸಿದೆ. ಏನೆಂದು ಆಡಿಸಿದೆನೋ ನನಗೇ ತಿಳಿಯದು.

“ನನ್ನ ಹೆಂಡತಿ ನಂಬುದಿಲ್ಲ. ಅವರು ಬೇಕಂತಲೇ ನಿಂತದ್ದು ಅಂತ ಒಂದೇ ಹಟ. ನಾನು ಹೇಳಿದೆ, ಗೊತ್ತಿದ್ರೆ ನಮ್ಮ ಸರ್ ಅಲ್ಲಿ ಒಂದು ಗಂಟೆ ನಿಲ್ತಿರ್ಲಿಲ್ಲ ಅಂತ. ನೀವೇ ಒಂದು ಮಾತು ಹೇಳಿ ಸರ್. ಆ ಸಿಟ್ಟು ಇಳಿದ್ರೆ ಅವಳಿಗೆ ಸ್ವಲ್ಪ ನಿದ್ದೆಯಾದ್ರೂ ಬಂದೀತು.”

ಹೇಳುತ್ತಲೇ ನನ್ನ ಟೇಬಲಿನ ಫೋನಿನಲ್ಲಿ ಕಾಲಿಂಗ್ ಕಾರ್ಡಿನ ನಂಬರು ಒತ್ತಿ, ಊರಿಗೆ ಹಚ್ಚಿ, ರಿಸೀವರು ನನ್ನ ಕೈಗೆ ಕೊಟ್ಟ. ಆಚೆ ಕಡೆ ಒಂದು ಹೆಣ್ಣಿನ ದನಿ, ಹಲೋ ಎಂದಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ನನಗ ಖರೇನ ಏನೂ ಕೇಳಿಸಿರಲಿಲ್ಲಮ್ಮಾ,” ಎಂದೆ.

ಆ ಕಡೆ ಮೂಗೊರೆಸಿಕೊಂಡ ಸದ್ದು.

“ನಾನು ನಿಮಗೆ ದಿನಾ ಶಾಪ ಹಾಕ್ತಾ ಇದ್ದೆ ಸರ್. ತಿಳಿಯದೆ ಹಾಕಿದ್ದು. ನನ್ನದು ತಪ್ಪಾಯ್ತು, ನನ್ನನ್ನು ಕ್ಷಮಿಸ್ಬೇಕು ನೀವು,” ಎಂದಳು.

“ಇರಲಿ ಬಿಡಮ್ಮಾ,” ಎಂದೆ ನಾನು.