ಅಜ್ಜಿ ಇಟ್ಟ ಒಂದು ಹೆಜ್ಜೆ

ಮೊಬೈಲಿಗೆ ಕಣ್ಣು ಬರುವುದಕ್ಕೆ ಮುಂಚಿನ ಮಾತು. ಆಗ ಒಂದು ಫೋಟೊ ಬೇಕೆಂದರೆ ಯಳಂದೂರಿಗೋ ಕೊಳ್ಳೇಗಾಲಕ್ಕೋ ಹೋಗಬೇಕಿತ್ತು. ಸ್ಟುಡಿಯೊದ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಮುಖಕ್ಕೆ ಅವರದೇ ಪೌಡರು ಹಚ್ಚಿಕೊಂಡು, ನೀಲಿ ಪರದೆಯ ಮುಂದೆ ಬಿಗಿಯಾಗಿ ಕೂರಬೇಕಿತ್ತು. ಅಂಥ ದಿನಗಳಲ್ಲಿ ನಮ್ಮ ಚಿಕ್ಕಪ್ಪ ಮಾಂಬಳ್ಳಿಯ ಮನೆಗೆ ಒಂದು ಹಳೆಯ ಕ್ಯಾಮೆರಾ ತಂದರು. ನಾನು ಐದನೇ ಕ್ಲಾಸು ಮುಗಿಸಿದ್ದೆ. ಬೇಸಿಗೆ ರಜ ಆಗಷ್ಟೇ ಶುರುವಾಗಿತ್ತು.

ಚಿಕ್ಕಪ್ಪ ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದರು. ಅವರ ಅಂಗಿಗೆ ಯಾವಾಗಲೂ ಗೂಡಿನ ವಾಸನೆ. ಭಾನುವಾರ ಮಾತ್ರ ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಂಡು ಕ್ಯಾಮೆರಾ ಮುಟ್ಟುತ್ತಿದ್ದರು. ಒಂದು ರೀಲಿಗೆ ಮೂವತ್ತಾರು ಫೋಟೊ. ಮನುಷ್ಯರಿಗೆ ಅದನ್ನು ಖರ್ಚು ಮಾಡುವ ಮನಸ್ಸು ಅವರಿಗಿರಲಿಲ್ಲ. ಗದ್ದೆಯಲ್ಲಿ ಉಳುವ ಎತ್ತಿನ ಹಿಂದೆ ಸಾಲಾಗಿ ನಡೆಯುವ ಬೆಳ್ಳಕ್ಕಿ, ಕೆರೆಯಲ್ಲಿ ರೆಕ್ಕೆ ಒಣಗಿಸುವ ನೀರುಕಾಗೆ, ಮಳೆ ಬಂದು ನಿಂತಾಗ ನೀಲಿಯಾಗಿ ಹತ್ತಿರ ಬಂದಂತೆ ಕಾಣುವ ಬಿಳಿಗಿರಿ ಬೆಟ್ಟದ ಸಾಲು, ಇವೇ ಬೇಕು.

ಜಗಲಿಯ ಬಲ್ಬಿನ ವೈರಿಗೆ ಆ ವರ್ಷ ಒಂದು ಸೂರಕ್ಕಿ ಗೂಡು ಕಟ್ಟಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಬಾಗಿದ ಕೊಕ್ಕಿನ ಹಕ್ಕಿ. ಚಿಕ್ಕಪ್ಪ ಕಂಬದ ಮರೆಯಲ್ಲಿ ಕೂರುತ್ತಿದ್ದರು. ನಾನು ಅವರ ಬೆನ್ನ ಹಿಂದೆ, ಕ್ಯಾಮೆರಾದ ಚರ್ಮದ ಚೀಲ ಹಿಡಿದುಕೊಂಡು. ನಮ್ಮಲ್ಲಿ ಒಂದೇ ಕಾನೂನು: ಕ್ಯಾಮೆರಾ ಕಣ್ಣಿಗೆ ಹೋದ ಮೇಲೆ ಯಾರೂ ಮಾತಾಡಕೂಡದು. ಒಂದು ದಿನ ನಾನು ಸೀನಿದೆ. ಹಕ್ಕಿ ಹಾರಿತು. ಚಿಕ್ಕಪ್ಪ ಬಯ್ಯಲಿಲ್ಲ, ಸಂಜೆಯವರೆಗೆ ಮಾತೂ ಆಡಲಿಲ್ಲ. ಆಮೇಲೆ ನಾನು ಸೀನು ಬಂದರೆ ಮೂಗು ಹಿಡಿದುಕೊಂಡು ನುಂಗುವುದನ್ನು ಕಲಿತೆ. ಗೆದ್ದ ದಿನ ಒಂದು ಬೊಗಸೆ ಹುರಿಗಾಳು ಸಿಗುತ್ತಿತ್ತು.

ಅಜ್ಜಿ ಮೊರದಲ್ಲಿ ಅವರೆಕಾಳು ಆರಿಸುತ್ತಾ ಚುಚ್ಚುತ್ತಿದ್ದರು. “ಎತ್ತವ್ವನ ಬುಟ್ಟು ಅಕ್ಕಿ ಮುಂದೆ ತಪಸ್ಸು ಮಾಡ್ತಾ ಕುಂತವ್ನೆ. ನಂದೊಂದು ತಗಿಯೋ ಮಾದೇವ ಅಂದ್ರೆ ರೀಲು ಕಮ್ಮಿ ಅಂತಾನೆ.”

“ನೀನೇನ್ ಆರೋಯ್ತೀಯಾ ಅವ್ವ? ಯಾವತ್ತಾದ್ರೂ ತಗೀಬೋದು.”

“ಒಂದಿನ ಆರೋಯ್ತೀನಿ ನೋಡ್ಕೊ. ಆಗ ತಗಿ.”

ರಜದ ಏಳನೇ ಭಾನುವಾರ ಚಿಕ್ಕಪ್ಪ ಸ್ನೇಹಿತರ ವ್ಯಾನು ಕೇಳಿ ತಂದರು. ಬೆಟ್ಟದ ರಂಗಪ್ಪನಿಗೆ ಅಜ್ಜಿಯ ಹರಕೆಯೊಂದು ಬಾಕಿ ಇತ್ತು. ಚಿಕ್ಕಪ್ಪನಿಗೆ ಕಾಡು ಬೇಕಿತ್ತು. ಅಜ್ಜಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಬಟ್ಟೆಯಲ್ಲಿ ಕಟ್ಟಿಕೊಂಡರು. ಪೂಜೆಗೆಂದು ಒಂದು ಚಿಪ್ಪು ಬಾಳೆಹಣ್ಣು ಬೇರೆ. ಯಳಂದೂರು ದಾಟಿ ಕಾಡಿನ ಗೇಟಿನೊಳಕ್ಕೆ ಹೋಗುವಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಹಿಂದಿನ ದಿನ ಮಳೆಯಾಗಿತ್ತು. ವ್ಯಾನಿನೊಳಗೆ ಹಸಿ ಮಣ್ಣಿನ ವಾಸನೆ, ಬಾಳೆಹಣ್ಣಿನ ವಾಸನೆ, ಪೆಟ್ರೋಲಿನ ವಾಸನೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮಂಥ ಬಯಲು ಸೀಮೆಯ ಊರಿನವರಿಗೆ ಆನೆಯೆಂದರೆ ಮಾವುತನ ಜೊತೆ ಮನೆ ಬಾಗಿಲಿಗೆ ಬರುವ ಆನೆ. ಹಣೆಗೆ ವಿಭೂತಿ, ಕೊರಳಿಗೆ ಗಂಟೆ. ಹಣ್ಣು ಕೊಟ್ಟರೆ ಸೊಂಡಿಲು ತಲೆಯ ಮೇಲಿಡುತ್ತಿತ್ತು. ನಿದ್ದೆಯಲ್ಲಿ ಬೆದರುವ ಮಕ್ಕಳನ್ನು ಅದರ ಹೊಟ್ಟೆಯ ಕೆಳಗೆ ಈ ಕಡೆಯಿಂದ ಆ ಕಡೆಗೆ ದಾಟಿಸಿದರೆ ಭಯ ಬಿಡುತ್ತದೆ ಎಂಬ ನಂಬಿಕೆ. ನನ್ನನ್ನೂ ಮೂರು ವರ್ಷದವಳಿದ್ದಾಗ ಅಜ್ಜಿಯೇ ದಾಟಿಸಿದ್ದರಂತೆ.

ಒಂದು ತಿರುವು ಕಳೆದ ಮೇಲೆ ಬಲಗಡೆಯ ದಿಬ್ಬದ ಮೇಲೆ ಆನೆ ನಿಂತಿತ್ತು. ಹುಲ್ಲು ಕಿತ್ತು ಕಾಲಿಗೆ ಬಡಿದು, ಮಣ್ಣು ಉದುರಿಸಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಚಿಕ್ಕಪ್ಪ ವ್ಯಾನು ನಿಲ್ಲಿಸಿ ಸದ್ದಿಲ್ಲದೆ ಇಳಿದರು. ನಾನು ಚೀಲ ಹಿಡಿದು ಹಿಂದೆ ನಿಂತೆ. ಆ ಕಡೆಯ ಬಾಗಿಲಿನಿಂದ ಅಜ್ಜಿಯೂ ಇಳಿದರು. ಚಪ್ಪಲಿ ವ್ಯಾನಿನಲ್ಲೇ ಬಿಟ್ಟು, ಸೆರಗು ತಲೆಗೆ ಹೊದ್ದು, ಕೈಯಲ್ಲಿ ಬಾಳೆಹಣ್ಣು ಹಿಡಿದು ನಡೆದರು.

“ಅವ್ವ, ಎಲ್ಗೋದೆ?”

“ಗಣಪತಿ ಕಣ್ಲಾ. ಅಣ್ ಕೊಟ್ಬುಟ್ಟು ಬತ್ತೀನಿ ಇರು.”

ಚಿಕ್ಕಪ್ಪ ತಡೆಯಬೇಕಿತ್ತು. ತಡೆಯಲು ಬಾಯಿ ತೆರೆದದ್ದನ್ನೂ ನಾನು ನೋಡಿದೆ. ಆದರೆ ಬಿಳಿ ಸೆರಗಿನ ಮುದುಕಿ, ಆಚೆ ಕಪ್ಪು ಆನೆ, ಹಿಂದೆ ತೊಳೆದಿಟ್ಟಂಥ ಹಸಿರು. ಅವರು ಕ್ಯಾಮೆರಾ ಕಣ್ಣಿಗೆ ಇಟ್ಟರು.

ಆಮೇಲಿನದ್ದು ಎಷ್ಟು ಹೊತ್ತಿನದೋ, ನಿಮಿಷವೂ ಇರಲಾರದು. ಇವತ್ತಿಗೂ ಪಾತ್ರೆ ತೊಳೆಯುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ, ಅದು ಮೊದಲಿನಿಂದ ಶುರುವಾಗುತ್ತದೆ. ಆನೆ ಹುಲ್ಲು ಬಡಿಯುವುದು ನಿಲ್ಲಿಸಿತು. ಅದರ ಹಿಂದಿನ ಲಂಟಾನದ ಪೊದೆ ಅಲ್ಲಾಡಿತು. ಎಲೆಗಳ ನಡುವೆ ಕೆಂಗೂದಲಿನ ಒಂದು ಪುಟ್ಟ ಬೆನ್ನು ಕಂಡಿತು. ಮರಿ. ಕರು ಜೊತೆಗಿರುವ ಹಸು ಕೂಡ ಹಾಯುತ್ತದೆಂದು ನನಗೆ ಗೊತ್ತಿತ್ತು. ಅಜ್ಜಿಗೆ ಹೇಳಬೇಕು. ಆದರೆ ಕ್ಯಾಮೆರಾ ಚಿಕ್ಕಪ್ಪನ ಕಣ್ಣಿಗೆ ಹೋಗಿತ್ತು.

“ಅವ್ವ,” ಎಂದರು ಚಿಕ್ಕಪ್ಪ, ಪಿಸುದನಿಯಲ್ಲಿ, “ಇನ್ನೊಂದೆಜ್ಜೆ ಎಡಕ್ಕೆ.”

ಅಜ್ಜಿ ಒಂದು ಹೆಜ್ಜೆ ಎಡಕ್ಕೆ ಇಟ್ಟರು. ಕ್ಲಿಕ್ ಎಂದಿತು.

ಬೀಸುತ್ತಿದ್ದ ಕಿವಿಗಳು ನಿಂತವು, ಅಗಲವಾದವು. ಆನೆ ದಿಬ್ಬ ಇಳಿದು ಬಂದಾಗ ಘೀಳಿಡಲಿಲ್ಲ. ಜಲ್ಲಿಕಲ್ಲು ಉರುಳಿದ ಸದ್ದು ಮಾತ್ರ. ಅಜ್ಜಿ ಓಡಲಿಲ್ಲ. ಹಣ್ಣಿನ ಸಮೇತ ಕೈ ಮುಗಿದು ನಿಂತರು. ಆನೆ ಒಂದು ಗಾಡಿಯ ಉದ್ದದಷ್ಟು ದೂರದಲ್ಲಿ ತಟ್ಟನೆ ನಿಂತಿತು. ಸಿಡಿದ ಮಣ್ಣು ಅಜ್ಜಿಯ ಸೀರೆಯವರೆಗೆ ಬಂತು. ಆನೆ ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಮತ್ತೆ ನೋಡಿತು. ನಾನು ಚೀಲವನ್ನು ಬಿಗಿಯಾಗಿ ಹಿಡಿದುಕೊಂಡೆ. ಚೀಲದ ಬಕಲು ಅಂಗೈಗೆ ಒತ್ತಿ ಗುರುತು ಬಿದ್ದಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಕೆಳಗಿನಿಂದ ಬೆಟ್ಟದ ಬಸ್ಸು ಬಂತು. ಹಾರನ್ ಇಲ್ಲ. ನಮ್ಮ ವ್ಯಾನಿನ ಪಕ್ಕದಲ್ಲಿ ನಿಧಾನವಾಗಿ ಹಾದು, ಅಜ್ಜಿಗೂ ಆನೆಗೂ ನಡುವೆ ಗೋಡೆಯ ಹಾಗೆ ನಿಂತಿತು. ಕಂಡಕ್ಟರು ಎರಡೂ ರಟ್ಟೆ ಹಿಡಿದು ಅಜ್ಜಿಯನ್ನು ಎಳೆದುಕೊಂಡರು. ಮೆಟ್ಟಿಲಿಗೆ ಮೊಣಕಾಲು ತರಚಿತು, ರವಿಕೆಯ ತೋಳು ಹರಿಯಿತು. ನಾವಿಬ್ಬರೂ ಹಿಂದಿನ ಬಾಗಿಲಿನಿಂದ ಹತ್ತಿಕೊಂಡೆವು.

ಡ್ರೈವರು ತಿರುಗಿ ನೋಡಿದರು. ದಪ್ಪ ಮೀಸೆಯ, ನಿಧಾನದ ಮನುಷ್ಯ. “ಏನ್ ಸಾ, ನಿಮ್ಮವ್ವುನ್ನ ಆನೆಗೆ ಬಡ್ಸೋಕೆ ಕರ್ಕಂಡ್ ಬಂದಿದ್ರಾ?”

ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಅಜ್ಜಿಗೆ ರೇಗಿತು. “ಯಾಕಪ್ಪ ನನ್ ಮಗುನ್ನ ಬೈತೀಯೆ? ನಾನ್ ಕೈ ಮುಗ್ದೆ, ಅದು ನಿಂತ್ಕತು. ದೇವ್ರು ಕಣಪ್ಪ ಅದು.”

“ದೇವ್ರೇ ಕಣಜ್ಜಿ, ನಾನ್ ಇಲ್ಲ ಅಂದ್ನಾ? ಅದ್ರ ಇಂದ್ಗಡೆ ಮರಿ ಇತ್ತು. ಮರಿ ಇರೋ ದೇವ್ರು ಅಣ್ ತಿನ್ನಕಿಲ್ಲ.” ಆಮೇಲೆ ಚಿಕ್ಕಪ್ಪನ ಕಡೆಗೆ, “ಓದ್ದೋರಂಗೆ ಕಾಣ್ತೀರಿ. ಮರಿ ಕಾಣ್ಲಿಲ್ವಾ ಸಾ?”

“ಇಲ್ಲ ಕಣಪ್ಪ,” ಎಂದರು ಚಿಕ್ಕಪ್ಪ. “ಈ ಕ್ಯಾಮೆರಾ ಕಿಂಡೀಲಿ ಎಲ್ಲ ದೂರ ಕಾಣ್ತದೆ.”

“ನಿಂಗೂ ಕಾಣ್ಲಿಲ್ವಾ ಮಗ?”

“ಇಲ್ಲ,” ಎಂದೆ.

ಆನೆ ಮರಿಯನ್ನು ಮುಂದೆ ಬಿಟ್ಟುಕೊಂಡು ರಸ್ತೆ ದಾಟಿ ಇಳಿಜಾರಿನಲ್ಲಿ ಮರೆಯಾಯಿತು. ರಸ್ತೆಯ ಮೇಲೆ ಬಾಳೆಹಣ್ಣುಗಳು ಹಾಗೇ ಬಿದ್ದಿದ್ದವು.

ಅಜ್ಜಿ ಆಮೇಲೆ ಎಂಟು ವರ್ಷ ಬದುಕಿದರು. ಬಂದವರಿಗೆಲ್ಲ ಆ ಕಥೆ ಹೇಳಿದರು. ಪ್ರತಿ ಸಲವೂ ಆನೆ ಅವರಿಗೆ ಒಂದೊಂದು ಗೇಣು ಹತ್ತಿರ ಬರುತ್ತಿತ್ತು. ಕೊನೆಕೊನೆಗೆ ಸೊಂಡಿಲು ತಲೆಯ ಮೇಲೂ ಇಟ್ಟಿತು. ಅವರ ಮಟ್ಟಿಗೆ ಅದು ಬದುಕಿನ ಒಳ್ಳೆಯ ದಿನ.

ಚಿಕ್ಕಪ್ಪ ಆ ರೀಲನ್ನು ತೊಳೆಸಲಿಲ್ಲ. ಕ್ಯಾಮೆರಾ ಮತ್ತೆ ಮುಟ್ಟಲಿಲ್ಲ. ಮುಂದಿನ ಭಾನುವಾರ ನಾನು ಜಗಲಿಯಲ್ಲಿ ಚೀಲ ಹಿಡಿದು ಕಾದೆ; ಅವರು ರೇಷ್ಮೆಯ ಕೆಲಸವಿದೆಯೆಂದು ಕೊಳ್ಳೇಗಾಲದ ಬಸ್ಸು ಹತ್ತಿದರು. ನನ್ನ ತಪ್ಪನ್ನು ಅವರು ಹೊತ್ತುಕೊಂಡಿದ್ದಾರೆಂದು ನನಗೆ ಅನ್ನಿಸುತ್ತಿತ್ತು. ಹೇಳಿಬಿಟ್ಟರೆ ಹಗುರಾಗುತ್ತಾರೆ ಎಂದೂ ಗೊತ್ತಿತ್ತು. ಹೇಳಲಿಲ್ಲ. ಕಾಲೇಜು, ಮದುವೆ, ಮೈಸೂರಿನ ಕೆಲಸ. ಈಗ ಆ ಬೆಟ್ಟದ ದಾರಿಯಲ್ಲಿ ಯಾರಾದರೂ ಕಾರಿನಿಂದಿಳಿದು ಮೊಬೈಲು ಎತ್ತಿದರೆ ನಾನು ಗಾಜು ಇಳಿಸಿ ಕೂಗುತ್ತೇನೆ. ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಕಳೆದ ತಿಂಗಳು ಮಾಂಬಳ್ಳಿಗೆ ಹೋಗಿದ್ದೆ. ಚಿಕ್ಕಪ್ಪ ನಿವೃತ್ತರಾಗಿ ಬಹಳ ದಿನವಾಯಿತು. ಜಗಲಿಗೆ ಈಗ ಸೊಳ್ಳೆಯ ಜಾಲರಿ ಹಾಕಿಸಿದ್ದಾರೆ, ಒಂದು ಹಕ್ಕಿಯೂ ಒಳಗೆ ಬರುವಂತಿಲ್ಲ. ಕಾಫಿ ಕುಡಿಯುತ್ತಾ, ಯಾವ ಪೀಠಿಕೆಯೂ ಇಲ್ಲದೆ ಹೇಳಿದೆ. “ಚಿಕ್ಕಪ್ಪ, ಅವತ್ತು ಮರಿ ನಂಗೆ ಕಾಣಿಸ್ತು. ನೀವು ಫೋಟೊ ತೆಗೀತಿದ್ರಿ ಅಂತ ಸುಮ್ನಿದ್ದೆ.”

ಅವರು ಲೋಟದ ಅಂಚನ್ನು ಬೆರಳಿನಿಂದ ಒರೆಸಿ, ಲೋಟ ಕೆಳಗಿಟ್ಟರು.

“ನಂಗೂ ಕಾಣ್ತಿತ್ತು ಕಣವ್ವ,” ಎಂದರು. “ಫೋಟೊದಲ್ಲಿ ಮರಿಗೆ ಅವ್ವ ಅಡ್ಡ ಬತ್ತಿದ್ಲು. ಅದ್ಕೇ ಎಡಕ್ಕೋಗು ಅಂದಿದ್ದು.”

ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ನಾವಿಬ್ಬರೂ ಹೇಳಿದ್ದು ಒಂದೇ ಸುಳ್ಳು. ನಮಗೆ ದಕ್ಕಿದ್ದು ಏಳು ಭಾನುವಾರ. ದಕ್ಕಬಹುದಾಗಿದ್ದ ಉಳಿದವನ್ನು ಎಣಿಸುವ ಧೈರ್ಯ ನನಗೆ ಬರಲಿಲ್ಲ. ಎದ್ದು, “ಕೆರೆ ಕಡೆ ಹೋಗ್ಬರೋಣ್ವಾ ಚಿಕ್ಕಪ್ಪ?” ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಈಗ ದೂರದ್ದು ಏನೂ ಕಾಣಲ್ಲ ಕಣವ್ವ. ನೀನೋಗ್ಬುಟ್ಟು ಬಾ. ಏನೇನ್ ಐತೆ ನೋಡ್ಕಂಡ್ ಬಂದು ನಂಗೆ ಯೋಳು.”