ತೋರಣ ಮೇಲ್ ಮತ್ತು ಬೀಸುವ ಕಲ್ಲು

1998ರಲ್ಲಿ ನಾನು ಹರಿಹರದ ‘ತೋರಣ’ ಕೇಂದ್ರದ ಮೇಲ್ವಿಚಾರಕನಾಗಿದ್ದೆ. ದಾವಣಗೆರೆಯ ನಿಟ್ಟುವಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ತೋರಣ ಎಂದರೆ ಒಂದೇ ಹೆಸರಿನಡಿ ಮೂರು ಇಂಟರ್ನೆಟ್ ಸೇವೆಗಳು: ಪತ್ರಕ್ಕೆ ತೋರಣ ಮೇಲ್, ಭತ್ತದ ದರಕ್ಕೆ ತೋರಣ ಧಾರಣೆ, ಸಂಬಂಧ ಹುಡುಕಲು ತೋರಣ ಜಾತಕ. ಜನ ಮುಗಿಬಿದ್ದರು, ಆದರೆ ಅನುಮಾನ ಬಿಡಲಿಲ್ಲ. ಮಲೆಬೆನ್ನೂರಿನ ವ್ಯಾಪಾರಿಗಳು ತಾವು ನೋಡುವ ದರ ಪಕ್ಕದವರಿಗೆ ಕಾಣದಂತೆ ಕಂಪ್ಯೂಟರಿಗೆ ಟವೆಲ್ ಅಡ್ಡ ಹಿಡಿಯುತ್ತಿದ್ದರು.

ಎಲ್ಲರನ್ನೂ ಮೀರಿಸಿದವರು ನಂದಿಗುಡಿಯ ಗಿರಿಜಮ್ಮ. ಅವರ ತಮ್ಮ ಮಸ್ಕತ್‌ನಲ್ಲಿ ಎ.ಸಿ. ಮೆಕ್ಯಾನಿಕ್. ಆಗ ಇ-ಮೇಲ್‌ನಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದ. ನಾನು ಅದನ್ನು ಕನ್ನಡ ಲಿಪಿಯಲ್ಲಿ ಹಾಳೆಗೆ ಇಳಿಸಿ ಕೊಡುತ್ತಿದ್ದೆ.

“ಅಕ್ಷರ ನಿಮ್ದು. ಮಾತು ಅವಂದೇ ಅಂತ ಹೆಂಗೆ ನಂಬ್ಲಿ?” ಎಂದರು ಮೊದಲ ದಿನವೇ.

ಉಪಾಯವನ್ನೂ ಅವರೇ ಹುಡುಕಿದರು. ಪ್ರತಿ ಪತ್ರದ ಕೊನೆಗೆ ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಬರೆಸುವುದು. ಅದಕ್ಕೆ ಸರಿಯಾದ ಜವಾಬು ಬಂದರೆ ಮಾತ್ರ ತಮ್ಮನ ಪತ್ರ ಅಸಲಿ. ನನ್ನನ್ನು ಕಳ್ಳನೆಂದುಕೊಂಡಿದ್ದಾರಲ್ಲ ಎಂದು ಒಳಗೊಳಗೇ ಸಿಟ್ಟು ಬರುತ್ತಿತ್ತು.

ಮರುವರ್ಷ ಅವರ ಮಗಳಿಗೆ ಗಂಡು ಗೊತ್ತಾಯಿತು. ಸೋದರಮಾವ ಬಾರದೆ ಹಸೆಗೆ ಕೂರುವುದಿಲ್ಲವೆಂದು ಹುಡುಗಿಯ ಹಟ. ರಜೆ ಯಾವಾಗ ಸಿಗುತ್ತದೆಂದು ಕೇಳಿ ಗಿರಿಜಮ್ಮ ಪತ್ರ ಬರೆಸಿದರು. ಕೊನೆಯ ಪ್ರಶ್ನೆ: ಅವ್ವನ ಬೀಸೋ ಕಲ್ಲು ಈಗ ಯಾರ ಮನ್ಯಾಗೈತೆ?

ಮೂರು ಸೋಮವಾರ ಬಂದು ಕೇಳಿದರೂ ಉತ್ತರವಿಲ್ಲ. ಈಗ ಅನುಮಾನ ನನಗೇ ಹತ್ತಿತು. ದಾವಣಗೆರೆ ಕಚೇರಿಗೆ ಫೋನ್ ಮಾಡಿದೆ. ತೋರಣವನ್ನು ಮುಚ್ಚುವ ತೀರ್ಮಾನವಾಗಿತ್ತು. ಬಂದ ಪತ್ರಗಳನ್ನು ಇಟ್ಟುಕೊಳ್ಳುವ ಸರ್ವರ್ ಆಗಲೇ ನಿಂತಿತ್ತು.

“ಜನಕ್ಕೆ ಈಗ್ಲೇ ಹೇಳ್ಬ್ಯಾಡ್ರಿ. ಹೆಂಗಾದ್ರೂ ಸಂಭಾಳಿಸ್ರಿ,” ಎಂದರು ಮ್ಯಾನೇಜರ್.

ಸಂಭಾಳಿಸಿದೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ‘ಕ್ಷೇಮವಾಗಿದ್ದೇನೆ ಅಕ್ಕಾ, ರಜೆ ಸಿಗುವುದು ಅನುಮಾನ, ನನಗೆ ಕಾಯದೆ ದಿನ ಗೊತ್ತುಮಾಡು’ ಎಂದು ನಾನೇ ಒಂದು ಪತ್ರ ಬರೆದು ಕೊಟ್ಟೆ. ಗಿರಿಜಮ್ಮ ಎರಡು ಸಲ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಬೀಸೋ ಕಲ್ಲಿನ ಮಾತೇ ಇಲ್ಲಲ್ರೀ?”

ಹಾಳೆಯನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು.

“ಇದನ್ನ ನೀವೇ ಬರ್ದೀರಿ,” ಎಂದರು.

ಇದ್ದದ್ದನ್ನೆಲ್ಲ ಒಪ್ಪಿಕೊಂಡು ಅವರನ್ನು ಪಕ್ಕದ ಎಸ್‌ಟಿಡಿ ಬೂತ್‌ಗೆ ಕರೆದೊಯ್ದೆ. ತಮ್ಮನ ಕಂಪನಿಗೆ ಲೈನು ಸಿಕ್ಕಿ ಅವನೇ ಮಾತಾಡಿದಾಗಲೂ ಅವರು ಮೊದಲು ಕೇಳಿದ್ದು ಬೀಸುವ ಕಲ್ಲನ್ನೇ. ಜವಾಬು ಕೇಳಿ ಅಳುತ್ತಲೇ ನಕ್ಕರು. ಅವನು ಬರೆದ ಮೂರೂ ಪತ್ರ ವಾಪಸ್ ಹೋಗಿದ್ದವು. ಅಕ್ಕನೇ ಸಿಟ್ಟಿನಿಂದ ತಿರುಗಿಸಿ ಕಳಿಸಿದ್ದಾಳೆಂದು ತಿಳಿದು, ಸಿಕ್ಕಿದ್ದ ರಜೆಯನ್ನು ಬಿಟ್ಟುಕೊಡುವುದರಲ್ಲಿದ್ದ. ಮದುವೆಯ ದಿನವನ್ನು ಅಲ್ಲೇ ನಿಂತು ಗೊತ್ತುಮಾಡಿದರು.

ಆ ಸಂಜೆ ಕೇಂದ್ರದ ಬಾಗಿಲಿಗೆ ಚೀಟಿ ಅಂಟಿಸಿದೆ: ‘ತೋರಣ ಮೇಲ್‌ಗೆ ಪತ್ರ ಬರುತ್ತಿಲ್ಲ. ಬೇರೆ ದಾರಿ ನೋಡಿಕೊಳ್ಳಿ.’ ಮ್ಯಾನೇಜರ್ ಕೂಗಾಡಿದರು. ಎರಡು ತಿಂಗಳಲ್ಲಿ ಬೋರ್ಡೇ ಇಳಿಯಿತು, ನನ್ನ ಕೆಲಸವೂ ಹೋಯಿತು.

ಆಮೇಲೆ ಎಷ್ಟೋ ಕಡೆ ಕಂಪ್ಯೂಟರ್ ಮುಂದೆ ಕೂತು ದುಡಿದೆ. ಅನುಮಾನ ಪಡುವ ಗಿರಾಕಿಯ ಮೇಲೆ ಮತ್ತೆಂದೂ ಸಿಡುಕಲಿಲ್ಲ. ಅಂಥವರು ಎದುರಿಗಿದ್ದರೆ ಮಾತ್ರ ನಾನು ನೆಟ್ಟಗಿರುತ್ತೇನೆಂದು ನನಗೆ ಗೊತ್ತಾಗಿತ್ತು.

ಆ ಮದುವೆಯ ಲಗ್ನಪತ್ರಿಕೆ ಕೊಡಲು ಗಿರಿಜಮ್ಮ ನಿಟ್ಟುವಳ್ಳಿಯ ಮನೆಗೇ ಬಂದಿದ್ದರು. ಹೊಸಿಲು ದಾಟುವಾಗ ತಿರುಗಿ ನೋಡಿ ಹೇಳಿದರು:

“ಮದುವಿಗೆ ತಪ್ಪದೆ ಬರ್ರಿ. ನಿಮ್ಮನ್ನ ನಂಬೀನಿ ಅಂತ ಮಾತ್ರ ತಿಳ್ಕಾಬ್ಯಾಡ್ರಿ.”